ಮುಂಜಿಯಾ ಇಲ್ಲದ ಫ್ಯಾಕ್ಟರಿ

ಸೆಪ್ಟೆಂಬರ್ 3, ಮಂಗಳವಾರ

ನಾಬುಲ್ ಮಂಡಿಯಿಂದ ಎರಡು ಲಾರಿ ಮೆಣಸಿನಕಾಯಿ ಬಂತು. ತೊಟ್ಟು ಬಿಡಿಸಲು ಕೈ ಸಾಲದು. ಹೊಸ ಹುಡುಗಿಯರಲ್ಲಿ ಇನ್ನೊಬ್ಬಳು ಬಿಟ್ಟಳು. ಬೇಸಿಗೆಯಿಡೀ ಹೀಗೇ... ಬರುತ್ತಾರೆ, ನಿಲ್ಲುವುದಿಲ್ಲ. ಮ್ಯಾನೇಜರ್ ನಿಜಾರನನ್ನು ಕೇಳಿದೆ. "ಖಾರ ತಡೆಯಲ್ವಂತೆ ಲಲ್ಲಾ ಬಹೀಜಾ" ಎಂದ. ಯಜಮಾನಿಯಾದ ನನ್ನ ಮುಖ ನೋಡದೆ ಎಂದ.

ಮೊದಲು ಪ್ರತಿಯೊಬ್ಬಳ ಮನೆಯ ಸುದ್ದಿಯೂ ಗೊತ್ತಿರುತ್ತಿತ್ತು. ಈಗ ಹೆಸರೇ ನೆನಪಿರುವುದಿಲ್ಲ.

ಸೆಪ್ಟೆಂಬರ್ 5

ಕಣ್ಣಾರೆ ಕಂಡೆ. ಸಬ್ರೀನ್ ಎಂಬ ಹೊಸಬಳ ಕೈಯಿಂದ ಹರಿಸ್ಸಾ ಚಟ್ನಿಯ ಬಾಟಲಿ ಜಾರಿತು. ಮುಂಜಿಯಾ ಅವಳ ಕೆನ್ನೆಗೆ ಬಾರಿಸಿದಳು — ಖಾರ ಮೆತ್ತಿದ ಕೈಯಲ್ಲೇ. ಹುಡುಗಿಗೆ ಕಣ್ಣು ಬಿಡಲಾಗಲಿಲ್ಲ. ಸುತ್ತಲಿದ್ದವರು ಯಾರೂ ತಲೆ ಎತ್ತಲಿಲ್ಲ. ಅಭ್ಯಾಸವಾದವರ ಹಾಗೆ.

ಅದೇ ಹೆಚ್ಚು ಹೆದರಿಸಿತು.

ನಮ್ಮ ಮನೆಯ ಮಾಳಿಗೆ ಮೇಲೆ ಮೆಣಸು ಒಣಗಿಸುತ್ತಿದ್ದ ಕಾಲದಲ್ಲಿ ಜೊತೆಗಿದ್ದವಳು ಮುಂಜಿಯಾ ಒಬ್ಬಳೇ. ಗಂಡ ಸತ್ತು ನಾನು ಹಾಸಿಗೆ ಹಿಡಿದಾಗ ಒಲೆ ಆರದಂತೆ ನೋಡಿಕೊಂಡವಳು. ಈಗ ಫ್ಯಾಕ್ಟರಿಗೆಲ್ಲ ಚಿಕ್ಕಮ್ಮ. ಎಲ್ಲರ ಬಾಯಲ್ಲೂ 'ಖಾಲ್ತಿ'.

ನಿಜಾರ್ ಬಾಯಿಬಿಟ್ಟ. "ನಮಗೆಲ್ಲ ಗೊತ್ತಿತ್ತು. ನಿಮಗೆ ಯಾರು ಹೇಳೋದು? ಅವರು ನಿಮ್ಮವರಲ್ವಾ."

ಸೆಪ್ಟೆಂಬರ್ 6

ಮುಂಜಿಯಾಳನ್ನು ಕರೆಸಿದೆ. ಎಲ್ಲರ ಮುಂದೆ ಸಬ್ರೀನಳ ಕ್ಷಮೆ ಕೇಳು ಅಂದೆ.

ನಕ್ಕಳು. "ಏನೇ ಬಹೀಜಾ, ದೊಡ್ಡ ಮನುಷ್ಯಳಾಗಿಬಿಟ್ಟೆಯಲ್ಲೇ! ನಮ್ಮತ್ತೆ ಹೊಡೆದೇ ನಂಗೆ ಕೆಲಸ ಕಲಿಸಿದ್ದು. ಆ ಕೆಲಸದಿಂದಲೇ ನಿನ್ನ ಹರಿಸ್ಸಾ ಹಡಗು ಹತ್ತಿದ್ದು."

"ಹೌದು. ಇನ್ನು ಇಲ್ಲಿ ಯಾರೂ ಯಾರ ಮೇಲೂ ಕೈ ಮಾಡೋ ಹಾಗಿಲ್ಲ."

"ಕೇಳ್ದೇ ಇದ್ರೆ?"

"ನಾಳೆಯಿಂದ ಬರಬೇಡ."

ಏಪ್ರನ್ ಬಿಚ್ಚಿದಳು, ಮಡಿಸಿ ಕುರ್ಚಿಯ ಮೇಲಿಟ್ಟಳು. ಹೋದಳು.

ಏಪ್ರನ್ ನಾನೇ ಒಳಗೆ ಎತ್ತಿಟ್ಟೆ.

ಸೆಪ್ಟೆಂಬರ್ 12

ಮಾತೇ ಇಲ್ಲ. ಮೆಷಿನ್ ಸದ್ದು ಮಾತ್ರ. ಹಳಬಳೊಬ್ಬಳು ನನಗೆ ಕೇಳಿಸಲೆಂದೇ: "ಮುಂಜಿಯಾನ್ನೇ ಕಳಿಸಿದ್ಮೇಲೆ ನಾವ್ಯಾವ ಲೆಕ್ಕ!"

ಸಬ್ರೀನ್ ಬಾಗಿಲಲ್ಲಿ ನಿಂತಳು. "ನಾನೇ ಹೋಗ್ತೀನಿ ಲಲ್ಲಾ. ಯಾರೂ ಪಕ್ಕ ಕೂರಲ್ಲ. ಖಾಲ್ತೀನ ನಾನೇ ನುಂಗ್ಕೊಂಡೆ ಅನ್ನೋ ಥರ ನೋಡ್ತಾರೆ."

"ನೀನು ಹೋದ್ರೆ ಅವಳನ್ನ ಕಳಿಸಿದ್ದು ದಂಡ" ಎಂದೆ. ಎಂದ ಮೇಲೆ ಅನ್ನಿಸಿತು — ಎಂಥ ಭಾರ ಹೊರಿಸಿದೆ.

ಮಧ್ಯಾಹ್ನ ಕುಸ್ಕುಸ್ ತಟ್ಟೆ ಹಿಡಿದು ಅವಳ ಪಕ್ಕ ಕೂತೆ.

ಸೆಪ್ಟೆಂಬರ್ 19

ಮುಂಜಿಯಾ ಬಂದಿದ್ದಳು. ಗೇಟಿನಾಚೆಯೇ ನಿಂತು, ಇಲ್ಲೇ ಉಳಿದ ಚಪ್ಪಲಿ ಕೇಳಿದಳಂತೆ. ಕೆಲಸ ಬಿಟ್ಟು ಎಲ್ಲರೂ ಕಿಟಕಿಗೆ. ಚಪ್ಪಲಿ ಹಿಡಿದು ಹೊರಟವಳು ಸಬ್ರೀನ್. ಯಾರೂ ಹೇಳಿರಲಿಲ್ಲ.

ಮೆಟ್ಟಿಲ ಮೇಲಿದ್ದೆ. ಕೇಳಿಸಿತು.

"ತುಂಬಾ ಉರೀತೇನೇ ಅವತ್ತು?"

"ಉರೀತು ಖಾಲ್ತಿ."

"ನೀರು ಹಾಕಿರ್ತೀಯ. ಎಣ್ಣೆ ಹಚ್ಬೇಕಿತ್ತು..." ಆಮೇಲೆ, ಕಿಟಕಿಗಳಿಗೆಲ್ಲ ಕೇಳಿಸುವಷ್ಟು ಜೋರಾಗಿ: "ತಪ್ಪು ನಂದು ಮಗಳೇ."

ತಿರುಗಿ ನಡೆದಳು. ನಾನು ಗೇಟಿನಾಚೆ ಓಡಿದೆ. "ಮುಂಜಿಯಾ!"

ನಿಂತಳು. "ಬಾ ಅನ್ಬೇಡ ಕಣೇ. ಅಂದ್ರೆ ಬಂದ್ಬಿಡ್ತೀನಿ. ಆ ಕೂಸು ಮತ್ತೆ ಹೆದರ್ಕೊಂಡು ಕೆಲಸ ಮಾಡ್ಬೇಕಾಗುತ್ತೆ."

ಅನ್ನಲಿಲ್ಲ.

ಊಟದ ಹೊತ್ತಿಗೆ ಸಬ್ರೀನಳ ಪಕ್ಕ ಇಬ್ಬರು ಕೂತಿದ್ದರು. ಏನೋ ಹೇಳಿ ನಗಿಸುತ್ತಿದ್ದರು. ಇದಕ್ಕೇ ತಾನೇ ನಾನು ಮುಂಜಿಯಾಳನ್ನು ಕಳಿಸಿದ್ದು.