ಬಸ್ರೂರಿಗೆ ಹೋದ ಮುತ್ತಜ್ಜ

ಅಲ್ ಮುರಕ್ಕಬಾತ್, ದುಬೈ
೧೪ ಅಕ್ಟೋಬರ್ ೨೦೨೫

ಪ್ರೀತಿಯ ಮಾರ್ಟಿನಕ್ಕಾ,

ಮಂಡಿನೋವು ಹೇಗಿದೆ? ಕಳೆದ ಪತ್ರದಲ್ಲಿ ‘ದೇವರ ದಯೆಯಿಂದ ಪರವಾಗಿಲ್ಲ’ ಎಂದು ಬರೆದಿದ್ದೆ. ನೀನು ಹಾಗೆ ಬರೆದರೆ ನೋವು ಜೋರಾಗಿಯೇ ಇದೆ ಎಂದು ನನಗೆ ಗೊತ್ತು. ಮೊಣಕಾಲೂರಿ ಪ್ರಾರ್ಥನೆ ಮಾಡುವುದನ್ನು ಸ್ವಲ್ಪ ಕಡಿಮೆ ಮಾಡು, ಕುರ್ಚಿಯಲ್ಲಿ ಕೂತು ಹೇಳಿದರೂ ದೇವರಿಗೆ ಕೇಳಿಸುತ್ತದೆ. ನಮ್ಮ ಕಟ್ಟಡದ ಯುಜಿನ್ ಇವತ್ತು ರಾತ್ರಿ ಊರಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಈ ಪತ್ರದ ಜೊತೆ ನೋವಿನ ಮುಲಾಮು ಮತ್ತು ಖರ್ಜೂರ ಕಳಿಸುತ್ತಿದ್ದೇನೆ. ಖರ್ಜೂರವನ್ನು ಎಲ್ಲರಿಗೂ ಹಂಚಿ ಮುಗಿಸಬೇಡ, ನೀನೂ ಎರಡು ತಿನ್ನು. ಲೋಕವೆಲ್ಲ ವಾಟ್ಸಾಪಿನಲ್ಲಿ ಮಾತಾಡುವಾಗ ನಾನೊಬ್ಬಳು ಪೆನ್ನು ಹಿಡಿದು ಕೂರುವುದನ್ನು ಕಂಡು ನಮ್ಮ ಯಜಮಾನ ಆಸ್ವಾಲ್ಡ್‌ಗೆ ನಗು. ಹೊರಗೆ ಬಾರದ, ಫೋನು ಮುಟ್ಟದ ಮಠಕ್ಕೆ ಅಕ್ಕನನ್ನು ಕೊಟ್ಟವರ ಪಾಡು ಅವರಿಗೇನು ಗೊತ್ತು? ನಿಜ ಹೇಳಬೇಕೆಂದರೆ ನನಗೆ ಇದು ಖುಷಿಯೇ. ಮನೆಯಲ್ಲಿ ಕೊಂಕಣಿ, ಆಸ್ಪತ್ರೆಯಲ್ಲಿ ಹಿಂದಿ, ಇಂಗ್ಲಿಷ್, ಅರಬ್ಬಿಗಳ ಕಲಸುಮೇಲೋಗರ. ಶಂಕರಪುರದ ಶಾಲೆಯಲ್ಲಿ ನಾವಿಬ್ಬರೂ ಕಲಿತ ಕನ್ನಡ ಉಳಿದಿರುವುದು ನಿನಗೆ ಬರೆಯುವ ಪತ್ರದಲ್ಲಿ ಮಾತ್ರ.

ನಾವೆಲ್ಲ ಚೆನ್ನಾಗಿದ್ದೇವೆ. ಸೆಕೆ ಇಳಿಯುತ್ತಿದೆ, ಸಂಜೆ ಬಾಲ್ಕನಿಯ ಬಾಗಿಲು ತೆರೆದಿಡಬಹುದು. ನನ್ನ ಸಕ್ಕರೆ ಹಿಡಿತದಲ್ಲಿದೆ, ಆಸ್ವಾಲ್ಡ್‌ರ ಹೊಟ್ಟೆ ಹಿಡಿತದಲ್ಲಿಲ್ಲ. ಡ್ಯಾರಲ್ ಇನ್ನೂ ರುವೈಸಿನ ರಿಫೈನರಿಯಲ್ಲೇ ಇದ್ದಾನೆ. ರಜೆಗೆ ಬರುವಾಗ ಅಬುಧಾಬಿಯಲ್ಲಿ ಇಳಿದು ಅಲ್ ಮೀನಾದ ಮಾರ್ಕೆಟಿನಿಂದ ಮೀನು ತರುತ್ತಾನೆ. ಅಂಜಲ್ ತಂದರೆ ಅಪ್ಪನಿಗೆ ಒಳ್ಳೆಯ ಮಗ, ಬೇರೆ ಏನು ತಂದರೂ ‘ಇದನ್ನು ಬೆಕ್ಕಿಗೆ ಹಾಕು’ ಎಂದು ಬೈಗುಳ. ಹೀಗೆ ನಮ್ಮ ದಿನ ಸುಖವಾಗಿಯೇ ಹೋಗುತ್ತಿದೆ.

ಈಗ ವಿಷಯಕ್ಕೆ ಬರುತ್ತೇನೆ. ಕುಳಿತುಕೊಂಡು ಓದು.

ಜುಲೈಯಲ್ಲಿ ನಮ್ಮ ಮದುವೆಯ ದಿನ ಹಿಂದಿನ ಬೀದಿಯ ಇರಾಕಿಗಳ ಹೋಟೆಲಿಗೆ ಹೋಗಿದ್ದೆವು. ಅಲ್ಲಿ ದೊಡ್ಡ ಮೀನನ್ನು ಬೆನ್ನಿನಿಂದ ಸೀಳಿ, ಬೆಂಕಿಯ ಸುತ್ತ ನಿಲ್ಲಿಸಿ ಸುಡುತ್ತಾರೆ. ಮಸಾಲೆ ಮಾಫಿ, ಹೆಸರಿಗೂ ಇಲ್ಲ, ಬರೀ ಉಪ್ಪು ಹುಳಿ. ಆಸ್ವಾಲ್ಡ್ ಮುಖ ಹುಳ್ಳಗೆ ಮಾಡಿಕೊಂಡು ಅದಕ್ಕೆ ಜೇಬಿನಿಂದ ನಮ್ಮ ಉಪ್ಪಿನಕಾಯಿ ತೆಗೆದದ್ದನ್ನು ಆಮೇಲೆ ಯಾವಾಗಲಾದರೂ ಬರೆಯುತ್ತೇನೆ. ಮೀನು ತಂದ ಮುದುಕ ಉಪಚಾರದ ಮನುಷ್ಯ. ನಿಮ್ಮ ಊರು ಯಾವುದು ಎಂದು ಕೇಳಿದೆ. ಎದೆ ಮುಟ್ಟಿಕೊಂಡು ‘ಅನಾ ಮಿನ್ ಅಲ್ ಬಸ್ರಾ’ ಎಂದ. ಬಸ್ರಾದವನು. ಆಸ್ವಾಲ್ಡ್ ತಕ್ಷಣ ನನ್ನ ಕಡೆ ತಿರುಗಿ, ‘ನೋಡು ಮಾರಾಯ್ತಿ, ನಿಮ್ಮ ಬಸ್ರೂರಿನವರ ಪೈಕಿ ಇಲ್ಲಿಯೂ ಉಂಟು!’ ಎಂದರು. ನಾನೂ ನಕ್ಕೆ. ನಕ್ಕವಳ ಬಾಯಲ್ಲಿದ್ದ ತುತ್ತು ಹಾಗೇ ನಿಂತಿತು.

ನಮ್ಮ ಮನೆಯ ಬಸ್ರೂರು ನಿನಗೆ ಮರೆತಿರಲಾರದು. ಅಪ್ಪ ತಡವಾಗಿ ಬಂದರೆ ಅಮ್ಮ ಕೇಳುತ್ತಿದ್ದುದು ‘ಬಸ್ರೂರಿಗೆ ಹೋಗಿದ್ರಾ?’ ಎಂದೇ. ನಮಗೆ ಅದು ತಮಾಷೆ, ಅಜ್ಜಿಗೆ ಅಲ್ಲ. ಅಜ್ಜಿಯ ಅಪ್ಪ ಸಾಲ್ವದೋರ್ ಕ್ರಾಸ್ತ, ಹೆಂಡತಿ ಬಸುರಿಯಾಗಿದ್ದಾಗ ಅಡುಗೆ ಕೆಲಸಕ್ಕೆಂದು ಬೊಂಬಾಯಿಗೆ ಹೋದವರು. ಕೆಲವು ತಿಂಗಳ ಮೇಲೆ ಅಲ್ಲಿಂದ ಬಂದ ಊರಿನವನೊಬ್ಬ ಬಾಯಿಮಾತಿನ ಸುದ್ದಿ ತಂದ: ‘ಬಸ್ರಾಕ್ ಗೆಲಾ.’ ಊರಿಗೆಲ್ಲ ಅದು ಬಸ್ರೂರಿಗೆ ಹೋದ ಎಂದು ಕೇಳಿಸಿತು. ಕುಂದಾಪುರದ ಪಕ್ಕದ ಬಸ್ರೂರು ಯಾರಿಗೆ ಗೊತ್ತಿಲ್ಲ? ಬೊಂಬಾಯಿಯಿಂದ ಬಂದು, ಹೆತ್ತು ಮಲಗಿದ ಹೆಂಡತಿಯ ಮುಖ ನೋಡದೆ, ಕೈಯಳತೆಯ ದೂರದಲ್ಲಿ ಹೋಗಿ ಕುಳಿತ ಗಂಡಸು ಎಂದರೆ ಜನ ಏನೆಂದುಕೊಳ್ಳುತ್ತಾರೆ! ಮುತ್ತಜ್ಜಿ ಎಸ್ಪೆರಾನ್ಸ್ ಹಸಿ ಬಾಣಂತಿ, ಮಗುವನ್ನು ಎತ್ತಿಕೊಂಡು ಬಸ್ರೂರಿಗೆ ಹೋಗಿ ಮನೆಮನೆ ಕೇಳಿದಳಂತೆ. ಯಾರೂ ಕಂಡಿಲ್ಲ ಎಂದರು. ಅಡಗಿಸಿಟ್ಟಿದ್ದಾರೆ ಎಂದುಕೊಂಡು ವಾಪಸು ಬಂದಳು. ಆಮೇಲೆ ಆ ಮನೆಯಲ್ಲಿ ಅವರ ಹೆಸರು ಎತ್ತಲಿಲ್ಲ. ಓಡಿಹೋದವನ ಮಗಳೆಂದು ಅಜ್ಜಿಗೆ ಬಂದ ಸಂಬಂಧಗಳು ಮುರಿದವು. ಕೊನೆಗೆ ಎರಡನೇ ಮದುವೆಯ ಗಂಡಿಗೆ ಕೊಟ್ಟರು.

ಬಸ್ರಾಕ್ ಎಂದರೆ ಬಸ್ರಾಕ್ಕೆ. ಅಷ್ಟೇ. ನಾವು ಹುಟ್ಟಿನಿಂದ ಕೊಂಕಣಿ ಆಡುವವರು, ಬಸ್ರೂರಿಗೆ ಬಸ್ರಾಕ್ ಎಂದು ನಮ್ಮಲ್ಲಿ ಯಾರಾದರೂ ಎಂದಾದರೂ ಅಂದಿದ್ದಾರಾ? ಆ ಕಾಲಕ್ಕೆ ಬಸ್ರಾ ಎಂಬ ಊರಿನ ಹೆಸರು ಶಂಕರಪುರದಲ್ಲಿ ಯಾರೂ ಕೇಳಿರಲಿಲ್ಲ, ಅದಕ್ಕೆ ಕಿವಿ ತನಗೆ ಗೊತ್ತಿದ್ದ ಊರನ್ನೇ ಹಿಡಿದುಕೊಂಡಿತು.

ನಾನು ಡ್ಯಾರಲ್‌ನ ಪ್ರಾಣ ತಿಂದೆ. ಅವನು ಮೊದಲು ‘ಮಮ್ಮಿ, ಲೀವ್ ಇಟ್’ ಎಂದ, ಆಮೇಲೆ ಅವನಿಗೇ ಹುಚ್ಚು ಹಿಡಿಯಿತು. ನೂರು ವರ್ಷದ ಹಿಂದಿನ ಮಹಾಯುದ್ಧದಲ್ಲಿ ಬ್ರಿಟಿಷರು ನಮ್ಮವರನ್ನು ಸಾವಿರಗಟ್ಟಲೆ ಬೊಂಬಾಯಿಯಿಂದ ಹಡಗಿನಲ್ಲಿ ಬಸ್ರಾಕ್ಕೆ ಒಯ್ದಿದ್ದರಂತೆ. ಸಿಪಾಯಿಗಳನ್ನಷ್ಟೇ ಅಲ್ಲ, ಅಡುಗೆಯವರು, ಕ್ಷೌರಿಕರು, ಕತ್ತೆ ಕಾಯುವವರನ್ನೂ. ಸತ್ತವರ ಹೆಸರುಗಳು ಈಗ ಕಂಪ್ಯೂಟರಿನಲ್ಲಿ ಸಿಗುತ್ತವೆ. ಆದರೆ ಕ್ರಾಸ್ತ ಎಂದು ಹುಡುಕಿದರೆ ಏನೂ ಇಲ್ಲ. ಸಾಲ್ವದೋರ್ ಎಂದರೂ ಇಲ್ಲ. ಡ್ಯಾರಲ್ ಖಲಾಸ್ ಎಂದು ಕೈಬಿಟ್ಟ. ಆಗ ನನಗೆ ಹೊಳೆಯಿತು. ನಮ್ಮಲ್ಲಿ ಸಾಲ್ವದೋರನನ್ನು ಸಾಲ್ವದೋರ್ ಎಂದು ಕರೆಯುವುದು ಬ್ಯಾಪ್ಟಿಸಂ ಕೊಡುವ ಪಾದ್ರಿ ಮಾತ್ರ. ಮನೆಯವರಿಗೆ ಅವನು ಸಾಲು. ಹೆಸರು ಕೇಳಿದ ಬಿಳಿಯ ಸಾಹೇಬನಿಗೆ ಮುತ್ತಜ್ಜ ಮನೆಯ ಹೆಸರು ಹೇಳಿರಬೇಕು, ಅಪ್ಪನ ಹೆಸರು ಕೇಳಿದಾಗ ಅದನ್ನೂ ಹಾಗೆಯೇ.

ಸಿಕ್ಕಿತು ಅಕ್ಕಾ. ಸಾಲು, ಅಡುಗೆಯವನು, ಪಾಸ್ಕುವಿನ ಮಗ, ಶಂಕರಪುರ, ಸೌತ್ ಕೆನರಾ. ಸಾವು ೧೯೧೭ರ ಜುಲೈ, ಬಸ್ರಾ. ನಮ್ಮ ಇಗರ್ಜಿಯ ಫಾದರ್‌ಗೆ ಬರೆದು ಮದುವೆ ಮತ್ತು ಬ್ಯಾಪ್ಟಿಸಂ ರಿಜಿಸ್ಟರುಗಳ ಫೋಟೋ ತರಿಸಿಕೊಂಡೆವು. ಸಾಲ್ವದೋರ್, ಪಾಸ್ಕಲ್ ಕ್ರಾಸ್ತರ ಮಗ. ಆ ಊರಿನಲ್ಲಿ ಆ ಕಾಲಕ್ಕೆ ಆ ಎರಡು ಹೆಸರು ಕೂಡಿದವನು ಬೇರೆ ಯಾರೂ ಇಲ್ಲ. ಅಜ್ಜಿ ಹುಟ್ಟಿದ್ದು ಅದೇ ವರ್ಷ ಫೆಬ್ರವರಿಯಲ್ಲಿ. ಅಜ್ಜಿಗೆ ಹಲ್ಲು ಮೂಡುವ ಮೊದಲೇ ಅವಳ ಅಪ್ಪ ತೀರಿಹೋಗಿದ್ದರು. ಅವರು ಯಾರನ್ನೂ ಬಿಟ್ಟು ಓಡಿಹೋಗಿರಲಿಲ್ಲ. ಮಗಳು ಹುಟ್ಟಿದ ಸುದ್ದಿಯಾದರೂ ಅವರಿಗೆ ತಲುಪಿತ್ತೋ ಇಲ್ಲವೋ, ಅದು ಯಾವ ರಿಜಿಸ್ಟರಿನಲ್ಲೂ ಇಲ್ಲ.

ನಾನು ತುಂಬ ಅತ್ತೆ. ಎಸ್ಪೆರಾನ್ಸ್ ಮಗುವನ್ನೆತ್ತಿಕೊಂಡು ಬಸ್ರೂರಿನ ಬಾಗಿಲುಗಳನ್ನು ತಟ್ಟಿದ್ದನ್ನು ನೆನೆಸಿಕೊಂಡು ಅತ್ತೆ. ಆಮೇಲೆ ಸಮಾಧಾನವೂ ಆಯಿತು. ನೂರು ವರ್ಷ ಹೊತ್ತಿದ್ದ ಮಾನಗೇಡಿನ ಮೂಟೆಯನ್ನು ಇಳಿಸಿದ ಹಾಗೆ ಹಗುರಾಗಿದ್ದೇನೆ. ಈಗ ಸಂಜೆ ಬಾಲ್ಕನಿಯಲ್ಲಿ ನಿಂತರೆ, ಊರಿಗಿಂತ ಬಸ್ರಾವೇ ಇಲ್ಲಿಂದ ಹತ್ತಿರ ಎಂದು ನೆನಪಾಗುತ್ತದೆ. ಇದರಲ್ಲಿ ನಷ್ಟವಾದದ್ದು ಆಸ್ವಾಲ್ಡ್‌ಗೆ ಮಾತ್ರ. ‘ನಿಮ್ಮ ಕುಟುಂಬಕ್ಕೆ ಗಲ್ಫಿನ ದಾರಿ ತೋರಿಸಿದ್ದೇ ನಾನು’ ಎಂದು ಮೂವತ್ತು ವರ್ಷ ಮೀಸೆ ತಿರುವಿದವರು ಈಗ ಬಾಯಿ ಮುಚ್ಚಿದ್ದಾರೆ. ನನ್ನ ಮುತ್ತಜ್ಜ ವೀಸಾ ಇಲ್ಲದ ಕಾಲದಲ್ಲೇ ಬಂದಿದ್ದರು! ಕಳೆದ ಶುಕ್ರವಾರ ಆ ಹೋಟೆಲಿನ ಮುದುಕನಿಗೂ ಕಥೆ ಹೇಳಿದೆ. ನನ್ನ ಅರಬ್ಬಿಯಲ್ಲಿ ಅವನಿಗೆ ಎಷ್ಟು ಅರ್ಥವಾಯಿತೋ ಕಾಣೆ. ಮೀನಿನ ಜೊತೆ ಒಂದು ತಟ್ಟೆ ಖರ್ಜೂರ ತಂದಿಟ್ಟು, ನಮ್ಮ ಊರಿನದು, ನಿನ್ನ ಅಜ್ಜನ ಹೆಸರಿನಲ್ಲಿ ತಿನ್ನು ಎಂದು ಸನ್ನೆ ಮಾಡಿದ. ನಿನಗೆ ಕಳಿಸಿರುವುದು ಅದೇ ಖರ್ಜೂರ. ಈಗ ಗೊತ್ತಾಯಿತಲ್ಲ, ಎರಡಾದರೂ ತಿನ್ನಲೇಬೇಕು.

ಮಠದ ಸಿಸ್ಟರುಗಳಿಗೆಲ್ಲ ನನ್ನ ನಮಸ್ಕಾರ ಹೇಳು. ಮದರ್‌ಗೆ ಹೇಳಿ ಕುರ್ಚಿ ಹಾಕಿಸಿಕೋ. ನಮ್ಮೆಲ್ಲರ ಪ್ರೀತಿ ನಿನಗೆ. ನಿನ್ನ ಪ್ರಾರ್ಥನೆಯಲ್ಲಿ ನಮಗೂ ಒಂದು ಮೂಲೆ ಇರಲಿ.

ನಿನ್ನ ತಂಗಿ,
ಎವ್ಲಿನ್

ಮರೆತಿದ್ದೆ: ಯುಜಿನ್ ಕೆಳಗೆ ಹಾರ್ನ್ ಹಾಕುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅಮ್ಮನಿಗೆ ನಿನ್ನೆ ಫೋನಿನಲ್ಲಿ ಎಲ್ಲ ಹೇಳಿದೆ. ಎಲ್ಲ ಕೇಳಿಸಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ, ‘ಹಾಗಾದ್ರೆ ನನ್ನ ಅಮ್ಮನಿಗೆ ಇದನ್ನು ಯಾರು ಹೇಳುವುದು?’ ಎಂದಳು. ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು, ಆದರೂ ಹಾಗೆ ಕೇಳಿದಳು. ಅಕ್ಕಾ, ಅದಕ್ಕೆ ನೀನೇ ಆಗಬೇಕು. ಚಿಕ್ಕವಳಿದ್ದಾಗ ಸತ್ತವರ ಹಬ್ಬದ ದಿನ ಸಿಮಿಟ್ರಿಯಲ್ಲಿ ನೀನು ಮುತ್ತಜ್ಜನಿಗೆಂದು ಒಂದು ಕ್ಯಾಂಡಲ್ ಹೆಚ್ಚಿಗೆ ಹಚ್ಚಿದ್ದೆ. ‘ಬದುಕಿರುವವನಿಗೆ ಯಾಕೆ?’ ಎಂದು ಅಜ್ಜಿ ಅದನ್ನು ಬೆರಳಿನಲ್ಲೇ ಹಿಚುಕಿ ಆರಿಸಿದಳು. ಈ ನವೆಂಬರ್ ಎರಡಕ್ಕೆ ಅದನ್ನು ಮತ್ತೆ ಹಚ್ಚು. ಅಜ್ಜಿಯದನ್ನು ಅದರ ಪಕ್ಕದಲ್ಲೇ ಇಡು. ಅಪ್ಪ ಮಗಳು ಇನ್ನೂ ಒಬ್ಬರನ್ನೊಬ್ಬರು ನೋಡಿಲ್ಲ.