ಮೈಬಣ್ಣದ ಬಟ್ಟೆ

ಮಹಡಿ ಮನೆಯ ಹಿರಿಯರಿಗೆ,

ನಮಸ್ಕಾರ. ಇಷ್ಟು ವರ್ಷ ಒಂದೇ ಕಟ್ಟಡದಲ್ಲಿದ್ದೂ ನಾವಿಬ್ಬರು ಮಾತಾಡಿದವರಲ್ಲ. ನಿಮ್ಮ ಜನಾಂಗ ಬೇರೆ, ನಮ್ಮದು ಬೇರೆ. ಮೆಟ್ಟಿಲಲ್ಲಿ ಎದುರಾದರೆ ನಾನು ಗೋಡೆ ನೋಡುತ್ತಿದ್ದೆ, ನೀವು ನಿಮ್ಮ ಕೈಚೀಲ ನೋಡುತ್ತಿದ್ದಿರಿ. ಈಗ ನೀವು ನಿಮ್ಮ ಮೊಮ್ಮಗಳನ್ನು ನನ್ನ ಮೊಮ್ಮಗಳ ಜೊತೆ ಆಡಲು ನಮ್ಮ ಮನೆಗೆ ಕಳಿಸುವುದನ್ನೇ ನಿಲ್ಲಿಸಿದ್ದೀರಿ. ಅದಕ್ಕೇ ಬರೆಯುತ್ತಿದ್ದೇನೆ.

ನಿಜ ಹೇಳಬೇಕೆಂದರೆ, ಈ ಮಕ್ಕಳ ಗೆಳೆತನ ಬೇಡ ಎನ್ನುವುದಿದ್ದರೆ ಅದು ನನ್ನ ಬಾಯಿಂದಲೇ ಬರುತ್ತದೆ ಎಂದುಕೊಂಡಿದ್ದೆ. "ಆ ಗುಂಗುರುಕೂದಲಿನವಳೇ ಬೇಕಾ ಇವಳಿಗೆ? ನಮ್ಮೋರಲ್ಲಿ ಮಕ್ಕಳಿಗೆ ಬರ ಬಂದಿದ್ಯಾ?" ಎಂದು ಸೊಸೆಯನ್ನು ಗದರಿದ್ದೂ ಉಂಟು. ನೀವು ನನಗಿಂತ ಮೊದಲೇ ಬಾಗಿಲು ಹಾಕಿದಿರಿ. ನನಗೆ ನೆಮ್ಮದಿ ಆಗಬೇಕಿತ್ತು, ಸಿಟ್ಟು ಬಂತು. ಯಾರ ಮೇಲೆ ಎಂಬುದೇ ತಿಳಿಯುತ್ತಿಲ್ಲ.

ಶಾಲೆಯ ನೃತ್ಯಕ್ಕೆ ಇಬ್ಬರಿಗೂ ಒಂದೇ ಥರದ ಉಡುಪು ಹೊಲಿದವಳು ನಾನು. ಇಂಥ ಉಡುಪಿನ ತೋಳಿಗೆ ತೆಳುವಾದ ನೆಟ್ ಬಟ್ಟೆ ಹಾಕುತ್ತೇವೆ, ದೂರಕ್ಕೆ ಬರಿ ಮೈಯಂತೆ ಕಾಣಲಿ ಎಂದು. ಅಂಗಡಿಯಲ್ಲಿ ಅದಕ್ಕೆ ಸ್ಕಿನ್ ಕಲರ್ ಎನ್ನುತ್ತಾರೆ. ಒಂದೇ ಥಾನಿನಿಂದ ಇಬ್ಬರಿಗೂ ಕತ್ತರಿಸಿದೆ. ನಿಮ್ಮವಳು ಹಾಕಿಕೊಂಡಾಗ ತೋಳಿಗೆ ಬ್ಯಾಂಡೇಜು ಸುತ್ತಿದ ಹಾಗಿತ್ತು. ನನ್ನ ಹತ್ತಿರ ಗುಂಡಿ ಹೊಲಿಯುವವಳು ಕಿಸಕ್ಕೆಂದಳು. ನಿಮ್ಮವಳು ನಗಲಿಲ್ಲ.

"ಅಜ್ಜಿ, ಇದು ಯಾರ ಮೈ ಬಣ್ಣ?"

"ಬಾಯ್ಮುಚ್ಕೊಂಡು ನೆಟ್ಟಗೆ ನಿಂತ್ಕೋ" ಎಂದೆ.

ಅಂದು ಹೋದವಳು ಮತ್ತೆ ಬಂದಿಲ್ಲ. ಅವಳು ಹೋದ ಮೇಲೆ ಅದೇ ಬಟ್ಟೆಯನ್ನು ನನ್ನ ಕೈ ಮೇಲೆ ಹಾಸಿ ನೋಡಿದೆ. ನನಗೂ ಹೊಂದಲಿಲ್ಲ. ನಮ್ಮ ಹುಡುಗಿಗೂ ಇಲ್ಲ. ಹೊಲಿಗೆ ಕಲಿತಂದಿನಿಂದ ಕತ್ತರಿಸುತ್ತಾ ಬಂದ ಬಟ್ಟೆ! ಹೀಗೆಂದು ಹೇಳಿದ್ದಕ್ಕೆ ನಮ್ಮವಳು, "ಅಯ್ಯೋ, ನಮ್ಮಿಬ್ರಿಗೂ ಮೊದಲೇ ಗೊತ್ತಿತ್ತು. ನೀನು ಬೇಜಾರ್ ಮಾಡ್ಕೋತೀಯ ಅಂತ ನಾನು ಸುಮ್ನಿದ್ದೆ. ಅವಳಿಗೆ ಸುಮ್ನಿರೋಕೆ ಬರಲ್ಲ, ಅಷ್ಟೇ" ಎಂದಳು. ಈಗ ಅವಳಿಲ್ಲದೆ ತಾನೂ ಕುಣಿಯುವುದಿಲ್ಲವಂತೆ. ಮುಖ ಊದಿಸಿಕೊಂಡು ಕೂತಿದ್ದಾಳೆ.

ಇಬ್ಬರ ತೋಳನ್ನೂ ಬಿಚ್ಚಿದ್ದೇನೆ. ಬಿಳಿ ನೆಟ್ ತಂದು ನಾನೇ ಬಣ್ಣ ಹಾಕುತ್ತೇನೆ, ಒಬ್ಬೊಬ್ಬಳ ಮೈಗೆ ಹೊಂದುವಂತೆ ಒಂದೊಂದು. ಬೆರೆಸುವಾಗ ನಿಮ್ಮವಳ ಕೈ ನನ್ನೆದುರು ಬೇಕು. ಈ ಗೆಳೆತನ ಸರಿಯೋ ತಪ್ಪೋ ನನಗಿನ್ನೂ ಬಗೆಹರಿದಿಲ್ಲ. ನಿಮಗೆ ಬಗೆಹರಿದಿದ್ದರೆ ಬಂದು ಹೇಳಿ, ಮಗುವನ್ನೂ ಕರೆದುಕೊಂಡು ಬನ್ನಿ. ಜಗಳವಾಡುವುದಿದ್ದರೆ ನಾವಿಬ್ಬರು ಆಡೋಣ. ಅವರು ಕುಣಿಯಲಿ.

ನಿಮ್ಮ ಮಗುವಿಗೂ ನಮ್ಮ ಮಗುವಿಗೂ ದೀರ್ಘಾಯುಸ್ಸಾಗಲಿ.

ಇಂತಿ,
ಕೆಳಗಿನ ಮನೆಯ ಹೊಲಿಗೆಯವಳು