ರಂಜಿತಾಳ ರಕ್ತದಲ್ಲಿ ಸಿಕ್ಕ ರೋಗಾಣು

ಇರಕಲ್ಲಗಡ
೧೪ ಜೂನ್ ೨೦೧೯

ಡಾಕ್ಟರ್ ಸುಮಂಗಲಾ ಮೇಡಂ ಅವರಿಗೆ ರೇಣುಕಾದೇವಿಯ ನಮಸ್ಕಾರಗಳು.

ಹೆರಿಗೆಯಾದ ವಾರದಲ್ಲೇ ನಂಜೇರಿ ತೀರಿಕೊಂಡ ರಂಜಿತಾಳ ತಾಯಿ ನಾನು. ಅವಳ ರಕ್ತದಲ್ಲಿ ಸಿಕ್ಕ ರೋಗಾಣು ಈಗಿರುವ ಯಾವ ಔಷಧಕ್ಕೂ ಬಗ್ಗದು, ಅದನ್ನು ಪ್ರಯೋಗಾಲಯದಲ್ಲಿ ಉಳಿಸಿಕೊಂಡು ಹೊಸ ಔಷಧ ಹುಡುಕಲು ಒಪ್ಪಿಗೆ ಕೊಡಿ ಎಂದು ನೀವು ಫೋನ್ ಮಾಡಿದ್ದಿರಿ. ನಮ್ಮ ಯಜಮಾನರು, "ನನ್ನ ಮಗಳನ್ನ ಕೊಂದ ಹುಳಾ ಸಾಕ್ತೀರೇನ್ರಿ ನೀವು? ಸುಟ್ಟ ಬಿಡ್ರಿ ಅದನ್ನ!" ಎಂದು ಕೂಗಿ ಫೋನ್ ಇಟ್ಟುಬಿಟ್ಟರು. ತಪ್ಪು ತಿಳಿಯಬೇಡಿ.

ನಾನು ಒಪ್ಪಿದ್ದೇನೆ. ಆಸ್ಪತ್ರೆಯಲ್ಲಿ ಪಕ್ಕದ ಮಂಚದ ಬಾಣಂತಿಗೂ ಅದೇ ಜ್ವರ ಬಂದಿತ್ತು. ಅವಳ ತಾಯಿ ನನ್ನ ಕೈ ಹಿಡಿದುಕೊಂಡೇ ಕೂತಿದ್ದರು. ಆ ಹುಡುಗಿ ಉಳಿದಳೋ ಇಲ್ಲವೋ, ಕೇಳುವ ಧೈರ್ಯ ನನಗಿಲ್ಲ.

ರಂಜಿತಾಳ ಕೂಸು ಆರಾಮಾಗಿದೆ. ಅದರ ರಕ್ತವನ್ನು ಇನ್ನೊಮ್ಮೆ ಪರೀಕ್ಷೆ ಮಾಡಿಸಬೇಕೇ, ದಯವಿಟ್ಟು ತಿಳಿಸಿ.

ಇಷ್ಟು ಬರೆದು ನಮ್ಮವರಿಗೆ ಓದಿ ಹೇಳಿದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿ, "ರಂಜಿ ಭಾಳ ಒದ್ದಾಡಿದ್ಲು ಅಂತನೂ ಬರಿ. ಲಗೂನ ಔಷಧ ಹುಡುಕ್ಲಿ ಅವ್ರು" ಎಂದರು.

ಬರೆದಿದ್ದೇನೆ.

ಇಂತಿ,
ರಂಜಿತಾಳ ತಾಯಿ ರೇಣುಕಾದೇವಿ
ತಂದೆ ಬಾಲಪ್ಪ